ನಾಲ್ಕು ಲಕ್ಷ ಹಾಡಿನ ಬೀಜ

ಪುರಂದರದಾಸರು 4,75,000 ಕೀರ್ತನೆ ರಚಿಸಿದರು ಎಂಬ ಮಾತನ್ನು ಕೇಳುತ್ತಲೇ ಬೆಳೆದವರು ನಾವು. ಕೈಗೆ ಸಿಕ್ಕಿರುವುದು ಅದರಲ್ಲೊಂದು ಚೂರು ಮಾತ್ರ. ಆ ಸಂಖ್ಯೆಯನ್ನು ಕೈಮುಗಿದು ಒಪ್ಪುವವರಿದ್ದಾರೆ, ಹುಬ್ಬೇರಿಸುವವರೂ ಇದ್ದಾರೆ. ನನಗೆ ಮಾತ್ರ ಅದು ಅಳತೆಗೋಲಿನಂತೆ ಒದಗುತ್ತದೆ. ಬೇರೆ ಯಾರಾದರೂ ನಮ್ಮವರು ಇಷ್ಟು ಹಾಡು ಕಟ್ಟಿದರು ಎಂದರೆ ಪಕ್ಕದಲ್ಲಿ ಹಿಡಿದು ನೋಡಬಹುದು.

ಆ ಕೋಲಿಗೆ ಸರಿಸಮನಾಗಿ ನಿಲ್ಲುವ ಲೆಕ್ಕವೊಂದು 1892ರಲ್ಲಿ ಇಂಗ್ಲೆಂಡಿನಲ್ಲಿ ಅಚ್ಚಾಯಿತು. ಜಾನ್ ಜೂಲಿಯನ್ ಎಂಬ ಪಾದ್ರಿ ಕ್ರೈಸ್ತ ಸ್ತುತಿಗೀತೆಗಳಿಗಾಗಿಯೇ ಒಂದು ಕೋಶ ಮಾಡಿದ. ಒಂದೂವರೆ ಸಾವಿರಕ್ಕೂ ಹೆಚ್ಚು ಪುಟ. ಮುನ್ನುಡಿಯಲ್ಲಿ ಆತ ಕೊಡುವ ಅಂದಾಜು: 200ಕ್ಕೂ ಹೆಚ್ಚು ಭಾಷೆ, ಉಪಭಾಷೆಗಳಲ್ಲಿ ಒಟ್ಟು 4 ಲಕ್ಷಕ್ಕೆ ಕಡಿಮೆಯಿಲ್ಲದಷ್ಟು ಹಾಡು. ಎಲ್ಲಕ್ಕಿಂತ ಹೆಚ್ಚಿನವು ಜರ್ಮನ್ನಿನಲ್ಲಿ, ಆಮೇಲೆ ಇಂಗ್ಲಿಷು, ಲ್ಯಾಟಿನ್, ಗ್ರೀಕು.

ನಾಲ್ಕು ಲಕ್ಷ ಎಂದು ಓದಿ ಮುಂದೆ ಹೋಗಿಬಿಡುವುದು ಸುಲಭ. ಸ್ವಲ್ಪ ಕೂಡಿಸಿ ಕಳೆದು ನೋಡೋಣ. ಒಂದು ಸಭೆಯಲ್ಲಿ ಭಾನುವಾರಕ್ಕೆ ನಾಲ್ಕು ಹಾಡು ಹಾಡುತ್ತಾರೆ ಎನ್ನಿ; ವರ್ಷಕ್ಕೆ 208 ಆಯಿತು. ಒಮ್ಮೆ ಹಾಡಿದ್ದನ್ನು ಮತ್ತೆ ಹಾಡದೆ ಈ ಭಂಡಾರವನ್ನು ಮುಗಿಸಲು 1,923 ವರ್ಷ ಬೇಕು. ಅಂದರೆ ಯೇಸುವಿನ ಶಿಷ್ಯರ ಮೊಮ್ಮಕ್ಕಳ ಕಾಲದಲ್ಲಿ ಶುರುಮಾಡಿದ್ದರೆ ನಮ್ಮ ಕಾಲಕ್ಕೆ ಮುಗಿಯುತ್ತಿತ್ತು. ಒಂದೊಂದಕ್ಕೆ ಮೂರು ನಿಮಿಷದಂತೆ ಉಣ್ಣದೆ ಮಲಗದೆ ಹಾಡುತ್ತ ಕೂತರೂ 833 ದಿನ. ಇದು 1892ಕ್ಕೆ ನಿಂತ ಲೆಕ್ಕ. ಆಮೇಲೆ ಬಂದ ಗಾಸ್ಪೆಲ್ ಹಾಡುಗಳು, ಗಿಟಾರ್ ಹಿಡಿದ ಯುವಜನರ ಹಾಡುಗಳು, ಇವತ್ತು ಮೊಬೈಲಿನಲ್ಲಿ ಹರಿದಾಡುವವು ಯಾವುವೂ ಇದರಲ್ಲಿಲ್ಲ.

ಇನ್ನು ಇವೆಲ್ಲ ಮೊಳೆತ ನೆಲವನ್ನು ನೋಡಿ. ಇಂಗ್ಲಿಷ್ ಬೈಬಲಿನ ಎಣಿಕೆಯಂತೆ 66 ಪುಸ್ತಕ, 1,189 ಅಧ್ಯಾಯ, 31,102 ವಚನ. ಭಾಗಾಕಾರ ಮಾಡಿದರೆ ವಚನಕ್ಕೆ ಹದಿಮೂರು ಹಾಡು ಬೀಳುತ್ತದೆ. ಎಲ್ಲ ಹಾಡೂ ಇಂಥದೇ ವಚನದಿಂದ ಹುಟ್ಟಿದ್ದಲ್ಲ, ಇಂಥವನ ಮಗ ಇಂಥವನು ಎಂದು ಸಾಗುವ ವಂಶಾವಳಿಗಳ ಮೇಲೆ ಯಾರೂ ರಾಗ ಹಾಕಿ ಕೂತಿಲ್ಲ, ಒಪ್ಪುತ್ತೇನೆ. ಆದರೆ ಬೈಬಲಿನ ಆ ಪುಟ್ಟ ತುಣುಕನ್ನು ಕನ್ನಡದಲ್ಲಿ 'ವಚನ' ಎಂದವರು ಯಾರೋ, ಅವರ ಕಿವಿ ದೊಡ್ಡದು. ಸಾಮ್ಸ್ ಎಂಬ ಪುಸ್ತಕಕ್ಕೆ 'ಕೀರ್ತನೆಗಳು' ಎಂದು ಹೆಸರಿಟ್ಟವರದು ಇನ್ನೂ ದೊಡ್ಡದು.

ಕೀರ್ತನೆಗಳು ಇರುವುದು 150. ಅವುಗಳ ಒಳಗೇ ಗಾತ್ರದ ಆಟವೊಂದಿದೆ. 119ನೇ ಕೀರ್ತನೆಗೆ 176 ವಚನ, ಇಡೀ ಬೈಬಲಿನಲ್ಲೇ ಅತಿ ದೊಡ್ಡ ಅಧ್ಯಾಯ. ಹೀಬ್ರೂ ಲಿಪಿಯ 22 ಅಕ್ಷರಗಳನ್ನು ಸಾಲಾಗಿ ಹಿಡಿದು, ಒಂದೊಂದು ಅಕ್ಷರದಿಂದ ಎಂಟೆಂಟು ವಚನ ಆರಂಭವಾಗುವಂತೆ ಹೆಣೆದಿದ್ದಾರೆ. ನಮ್ಮಲ್ಲಿ ಯಾರಾದರೂ ಅಕಾರದಿಂದ ಳಕಾರದವರೆಗೆ ಇದೇ ಹಟ ಹಿಡಿದರೆ 49 ಅಕ್ಷರಕ್ಕೆ 392 ವಚನ ಬೇಕಾಗುತ್ತಿತ್ತು. ಙ, ಞಗಳ ಹತ್ತಿರ ಬಂದಾಗ ಕವಿ ಏನು ಮಾಡುತ್ತಿದ್ದನೋ. ಇದಕ್ಕೆ ಎರಡು ಹೆಜ್ಜೆ ಹಿಂದಿರುವ 117ನೇ ಕೀರ್ತನೆಗೆ ಎರಡೇ ವಚನ. ಅದು ಬೈಬಲಿನ ಅತಿ ಚಿಕ್ಕ ಅಧ್ಯಾಯ, ಜೊತೆಗೆ ನಟ್ಟನಡುವಿನದೂ ಹೌದು: ಹಿಂದೆ 594, ಮುಂದೆ 594. ಆ ಎರಡು ವಚನಗಳಿಂದಲೂ ಐಸಾಕ್ ವಾಟ್ಸ್ ಒಂದು ಹಾಡು ಕಡೆದ. ಇಂಗ್ಲಿಷ್ ಸಭೆಗಳಲ್ಲಿ ಅದು ಇನ್ನೂ ಬಳಕೆಯಲ್ಲಿದೆ.

ವಾಟ್ಸ್ ಹುಟ್ಟಿದ್ದು 1674ರಲ್ಲಿ, ಸೌತಾಂಪ್ಟನ್ನಿನಲ್ಲಿ. ಬರೆದದ್ದು ಸುಮಾರು 750 ಹಾಡು. 1719ರಲ್ಲಿ ಆತ ಕೀರ್ತನೆಗಳನ್ನು ಹೊಸ ಒಡಂಬಡಿಕೆಯ ಕಣ್ಣಿನಿಂದ ಮತ್ತೆ ಹಾಡುಕಟ್ಟಿ ಪ್ರಕಟಿಸಿದ. ಅದರಲ್ಲಿ 98ನೇ ಕೀರ್ತನೆಯ ಹಿಂಭಾಗದಿಂದ ಬಂದದ್ದು 'ಜಾಯ್ ಟು ದ ವರ್ಲ್ಡ್'. ಕ್ರಿಸ್‌ಮಸ್ ಬಂದರೆ ಅಂಗಡಿ ಮಳಿಗೆಗಳಲ್ಲೂ ಮೊಳಗುವ ಈ ಹಾಡನ್ನು ಒಮ್ಮೆ ಗಮನವಿಟ್ಟು ಓದಿ. ಗೋದಲಿಯಿಲ್ಲ, ಕುರುಬರಿಲ್ಲ, ನಕ್ಷತ್ರವಿಲ್ಲ, ಮರಿಯಳೂ ಇಲ್ಲ. ಇರುವುದು ಕೀರ್ತನೆಯಲ್ಲಿದ್ದ ಸಮುದ್ರ, ಹೊಳೆ, ಬೆಟ್ಟಗಳ ಸಂಭ್ರಮ. ಹುಟ್ಟಿದ ಹಬ್ಬಕ್ಕೆಂದು ವಾಟ್ಸ್ ಅದನ್ನು ಬರೆದೇ ಇರಲಿಲ್ಲ.

ಕೀರ್ತನೆಗಳ ಮೇಲಿನ ಈ ಹಸಿವು ಎಂಥದು ಎಂದರೆ, ಅಮೆರಿಕದ ಇಂಗ್ಲಿಷ್ ವಸಾಹತುಗಳಲ್ಲಿ ಅಚ್ಚಾದ ಮೊಟ್ಟಮೊದಲ ಪುಸ್ತಕವೇ ಕೀರ್ತನೆಗಳ ಪದ್ಯಾನುವಾದ. 1640, ಮ್ಯಾಸಚೂಸೆಟ್ಸ್‌ನ ಕೇಂಬ್ರಿಜ್. ಮನೆಯ ಮಾಡು ಇನ್ನೂ ನೆಟ್ಟಗೆ ನಿಂತಿರದ ಜನ ಹಡಗಿನಲ್ಲಿ ಅಚ್ಚುಯಂತ್ರ ತಂದು, ಹಾಡಿನ ಪುಸ್ತಕದ 1,700 ಪ್ರತಿ ಮುದ್ರಿಸಿದರು. ಪದ್ಯಗಳು ಒರಟು, ಮೂಲಕ್ಕೆ ನಿಷ್ಠೆಯಾಗಿರುವ ಆತುರದಲ್ಲಿ ವಾಕ್ಯಗಳು ಸೊಟ್ಟಗಾಗಿವೆ. ಇವತ್ತು 11 ಪ್ರತಿಗಳು ಉಳಿದಿರುವುದು ಗೊತ್ತು. ಅವುಗಳಲ್ಲೊಂದು 2013ರ ನವೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ಹರಾಜಾಯಿತು: 1.4 ಕೋಟಿ ಡಾಲರಿಗೂ ಮೇಲೆ, ಆಗಿನ ದರದಲ್ಲಿ ಸುಮಾರು 88 ಕೋಟಿ ರೂಪಾಯಿ. ಹರಾಜಿನಲ್ಲಿ ಅಚ್ಚಾದ ಪುಸ್ತಕವೊಂದಕ್ಕೆ ಅಲ್ಲಿಯವರೆಗೆ ಅಷ್ಟು ಬೆಲೆ ಬಂದಿರಲಿಲ್ಲ.

ಆದರೆ ಸಂಖ್ಯೆಗಳ ಅಂಗಳದಲ್ಲಿ ನಿಜವಾದ ಜಗಜಟ್ಟಿಗಳು ಇಬ್ಬರು: ಚಾರ್ಲ್ಸ್ ವೆಸ್ಲಿ ಮತ್ತು ಫ್ಯಾನಿ ಕ್ರಾಸ್ಬಿ.

ಸೂಸಾನಾ ವೆಸ್ಲಿ ಹೆತ್ತದ್ದು 19 ಮಕ್ಕಳನ್ನು. ಚಾರ್ಲ್ಸ್ 18ನೆಯವನು, ಹುಟ್ಟಿದ್ದು 1707ರಲ್ಲಿ. 1738ರ ಮೇ 21ರಂದು ಲಂಡನ್ನಿನಲ್ಲಿ, ಕಾಯಿಲೆ ಮಲಗಿದ್ದ ಆತನಿಗೆ ಒಳಗಿನ ಕದ ತೆರೆದಂತಾಯಿತು. ಮರುವರ್ಷ ಅದೇ ದಿನದ ನೆನಪಿಗೆ 18 ಚರಣಗಳ ಹಾಡೊಂದನ್ನು ಬರೆದ. ಸ್ತುತಿಸಲು ಸಾವಿರ ನಾಲಗೆ ಬೇಕೆಂದು ಹಂಬಲಿಸುವ ಆ ಪ್ರಸಿದ್ಧ ಚರಣ ಅದರಲ್ಲಿ ಏಳನೆಯದು. ಇವತ್ತಿನ ಪುಸ್ತಕಗಳು ಮೊದಲ ಆರನ್ನು ಬಿಟ್ಟು ಅಲ್ಲಿಂದಲೇ ಹೊರಡುತ್ತವೆ. ಆ ವಸಂತದಿಂದ 1788ರಲ್ಲಿ ಸಾಯುವವರೆಗೆ ಐವತ್ತು ವರ್ಷ, 6,500ಕ್ಕೂ ಹೆಚ್ಚು ಹಾಡು. ಮೂರು ದಿನಕ್ಕೊಂದರಂತೆ, ಅರ್ಧ ಶತಮಾನ ಬಿಡುವಿಲ್ಲದೆ. ಕುದುರೆಯ ಮೇಲೆ ಊರೂರು ಸುತ್ತುತ್ತಲೇ ಚೀಟಿಗಳ ಮೇಲೆ ಗೀಚಿಕೊಳ್ಳುತ್ತಿದ್ದ. ಮುದುಕನಾದ ಮೇಲೂ ಗೆಳೆಯರ ಮನೆಯ ಮುಂದೆ ಕುದುರೆಯಿಂದಿಳಿದವನೇ, ನಮಸ್ಕಾರ ಹೇಳುವ ಮೊದಲು, ಲೇಖನಿ ಮಸಿ ತನ್ನಿ ಎಂದು ಕೂಗುತ್ತ ಒಳಗೆ ನುಗ್ಗುತ್ತಿದ್ದನೆಂದು ಆತನನ್ನು ಬಲ್ಲವರು ಬರೆದಿದ್ದಾರೆ. ಕೊನೆಯ ಹಾಡನ್ನು ಸಾವಿನ ಹಾಸಿಗೆಯಿಂದ ಹೆಂಡತಿಗೆ ಹೇಳಿ ಬರೆಸಿದ.

ನನ್ನನ್ನು ಬೆರಗುಗೊಳಿಸುವುದು ಆ ಒಟ್ಟು ಮೊತ್ತವಲ್ಲ, 1762ರ ಒಂದು ಕೃತಿ. ಆದಿಕಾಂಡದಿಂದ ಪ್ರಕಟನೆಯವರೆಗೆ ವಚನ ವಚನ ಆಯ್ದು, ಒಂದೊಂದಕ್ಕೂ ಪುಟ್ಟ ಹಾಡು ಬರೆದು ಎರಡು ಸಂಪುಟ ತಂದ. ಅದೊಂದರಲ್ಲೇ ಎರಡು ಸಾವಿರಕ್ಕೂ ಹೆಚ್ಚು. ಬೈಬಲ್ ಓದುವವರು ಸಾಮಾನ್ಯವಾಗಿ ಆಕಳಿಸುವುದು ಯಾಜಕಕಾಂಡದಲ್ಲಿ: ಯಾವ ಬಲಿಗೆ ಯಾವ ಪ್ರಾಣಿ, ಕೊಬ್ಬನ್ನು ಏನು ಮಾಡಬೇಕು, ಕುಷ್ಠ ಕಂಡರೆ ಎಷ್ಟು ದಿನ ದೂರ ಇರಬೇಕು. ಅದರ ಎಂಟನೇ ಅಧ್ಯಾಯದ 35ನೇ ವಚನದಲ್ಲಿ, ಹೊಸದಾಗಿ ಪಟ್ಟ ಕಟ್ಟಿದ ಯಾಜಕರು ಏಳು ದಿನ ಹಗಲೂ ರಾತ್ರಿ ಗುಡಾರದ ಬಾಗಿಲು ಬಿಟ್ಟು ಕದಲಬಾರದು, ಒಪ್ಪಿಸಿದ್ದನ್ನು ಕಾಯಬೇಕು ಎಂಬ ಕಟ್ಟಳೆ ಬರುತ್ತದೆ. ಒಂದು ಕಚೇರಿ ಸುತ್ತೋಲೆಗಿಂತ ಹೆಚ್ಚಿನ ಕಾವ್ಯ ಅದರಲ್ಲಿಲ್ಲ. ಅಲ್ಲಿಂದ ವೆಸ್ಲಿ, ತನಗೊಪ್ಪಿಸಿದ ಕಾವಲು ತನ್ನ ಆತ್ಮದ್ದೇ ಎಂಬ ಹಾಡನ್ನು ಎತ್ತಿದ. ಇಂಗ್ಲಿಷಿನಲ್ಲಿ 'ಎ ಚಾರ್ಜ್ ಟು ಕೀಪ್ ಐ ಹ್ಯಾವ್' ಎಂಬ ಆ ಹಾಡು ಯಾಜಕಕಾಂಡವನ್ನು ತೆರೆದೇ ನೋಡದವರಿಗೂ ಬಾಯಿಪಾಠ.

ಎಲ್ಲವೂ ಚಿನ್ನವಲ್ಲ, ಹೇಳಲೇಬೇಕು. 6,500 ಹಾಡಿನಲ್ಲಿ ಇವತ್ತು ನಾಲಗೆಯ ಮೇಲೆ ಉಳಿದಿರುವುದು ಬೆರಳೆಣಿಕೆಗಿಂತ ಕೊಂಚ ಹೆಚ್ಚು. ಆದಿಕಾಂಡದ 32ನೇ ಅಧ್ಯಾಯದಲ್ಲಿ ಯಾಕೋಬ ಅಪರಿಚಿತನೊಡನೆ ಬೆಳಗಿನವರೆಗೆ ಕುಸ್ತಿಯಾಡುತ್ತಾನಲ್ಲ, ಅದರ ಮೇಲೆ ವೆಸ್ಲಿ ಬರೆದ 14 ಚರಣಗಳ ಪದ್ಯವೊಂದಿದೆ. ತಾನು ಬರೆದ ಅಷ್ಟೂ ಪದ್ಯಗಳಿಗೆ ಆ ಒಂದೇ ಸಮ ಎಂದು ವಾಟ್ಸ್ ಹೇಳಿದನಂತೆ. ಇದೂ ಒಂದು ಲೆಕ್ಕವೇ.

ಫ್ಯಾನಿ ಕ್ರಾಸ್ಬಿ ಹುಟ್ಟಿದ್ದು 1820ರಲ್ಲಿ, ನ್ಯೂಯಾರ್ಕ್ ರಾಜ್ಯದ ಹಳ್ಳಿಗಾಡಿನಲ್ಲಿ. ಆರು ವಾರದ ಕೂಸಾಗಿದ್ದಾಗ ಕಣ್ಣು ಹೋಯಿತು. ಓದಿ ಹೇಳಲು ಅಜ್ಜಿಯಿದ್ದಳು, ಆಮೇಲೆ ಮನೆಯೊಡತಿಯೊಬ್ಬಳು ವಾರಕ್ಕೆ ಐದು ಅಧ್ಯಾಯದಂತೆ ಬಾಯಿಪಾಠ ಮಾಡಿಸಿದಳು. ಹದಿಹರೆಯ ಕಳೆಯುವುದರೊಳಗೆ ಆಕೆಯ ಒಳಗೆ ಇದ್ದದ್ದು: ಮೋಶೆಯ ಐದು ಪುಸ್ತಕ, ನಾಲ್ಕು ಸುವಾರ್ತೆ, ಜ್ಞಾನೋಕ್ತಿಗಳು, ಪರಮಗೀತ, ಬಹಳಷ್ಟು ಕೀರ್ತನೆಗಳು. ಕೀರ್ತನೆಗಳನ್ನು ಬದಿಗಿಟ್ಟು ಉಳಿದವನ್ನು ನಾನು ಎಣಿಸಿದೆ. 187, 89, 31, 8. ಒಟ್ಟು 315 ಅಧ್ಯಾಯ. ಬೈಬಲಿನ ಕಾಲು ಭಾಗಕ್ಕಿಂತ ಹೆಚ್ಚು ಒಬ್ಬ ಕುರುಡು ಹುಡುಗಿಯ ತಲೆಯಲ್ಲಿ.

ಸ್ತುತಿಗೀತೆ ಬರೆಯುವುದೇ ಕಸುಬಾದದ್ದು 44ನೇ ವಯಸ್ಸಿನಲ್ಲಿ. 95ನೇ ಹುಟ್ಟುಹಬ್ಬಕ್ಕೆ ಇನ್ನು ಒಂದೂವರೆ ತಿಂಗಳಿದೆ ಎನ್ನುವಾಗ, 1915ರಲ್ಲಿ ತೀರಿಕೊಂಡಳು. ಆ ಐವತ್ತು ವರ್ಷದಲ್ಲಿ 8,000ಕ್ಕೂ ಮೇಲೆ. ಪ್ರಕಾಶಕರಿಗೆ ಬೇರೊಂದು ಸಂಕಟ: ಒಂದು ಹಾಡಿನ ಪುಸ್ತಕದಲ್ಲಿ ಪುಟ ಮಗುಚಿದಲ್ಲೆಲ್ಲ ಒಂದೇ ಹೆಸರು ಬಂದರೆ ಕೊಳ್ಳುವವರು ಏನೆಂದಾರು? ಅದಕ್ಕಾಗಿ ಸುಮಾರು 200 ಕಾವ್ಯನಾಮ. ಒಂದು ಹಾಡಿಗೆ ಸಿಗುತ್ತಿದ್ದದ್ದು ಒಂದೋ ಎರಡೋ ಡಾಲರ್. ಪಲಗೆ ಬಳಪ ಹಿಡಿಯದೆ ಕಾವ್ಯ ಬರೆದೆನೆಂದು ಹೆಮ್ಮೆಪಟ್ಟ ಕವಿ ನಮಗೆ ಗೊತ್ತು. ಕ್ರಾಸ್ಬಿಗೆ ಅದು ಹೆಮ್ಮೆಯಲ್ಲ, ಬೇರೆ ದಾರಿಯೇ ಇರಲಿಲ್ಲ. ಇಡೀ ಹಾಡನ್ನು ತಲೆಯೊಳಗೇ ಕಟ್ಟಿ, ತಿದ್ದಿ, ಎಷ್ಟೋ ಸಲ ಹಲವು ಹಾಡುಗಳನ್ನು ಒಟ್ಟೊಟ್ಟಿಗೆ ಒಳಗಿಟ್ಟುಕೊಂಡು, ಬರೆದುಕೊಳ್ಳುವವರು ಬಂದಾಗ ಒಪ್ಪಿಸುತ್ತಿದ್ದಳು. 1868ರಲ್ಲಿ ಡೋನ್ ಎಂಬ ಸಂಗೀತಗಾರ ಓಡೋಡಿ ಬಂದು, ರೈಲಿಗೆ ಇನ್ನು ಮುಕ್ಕಾಲು ಗಂಟೆಯೂ ಇಲ್ಲ, ಈ ಮಟ್ಟಿಗೆ ಮಾತು ಬೇಕು ಎಂದ. ಆತ ರೈಲು ಹತ್ತುವಾಗ 'ಸೇಫ್ ಇನ್ ದಿ ಆರ್ಮ್ಸ್ ಆಫ್ ಜೀಸಸ್' ಜೇಬಿನಲ್ಲಿತ್ತು.

ಇಂಥ ವೇಗ ಸಾಧ್ಯವಾದದ್ದರ ಹಿಂದೆ ಒಂದು ಅಚ್ಚಿನ ಗುಟ್ಟೂ ಇದೆ. ಇಂಗ್ಲಿಷ್ ಹಾಡಿನ ಪುಸ್ತಕದ ಕೊನೆಯ ಪುಟಗಳಲ್ಲಿ 8.6.8.6 ಎಂಬಂತಹ ಅಂಕಿಗಳ ಪಟ್ಟಿಯಿರುತ್ತದೆ. ಸಾಲಿಗಿಷ್ಟು ಉಚ್ಚಾರಾಂಶ ಎಂಬ ಲೆಕ್ಕ ಅದು. ಎಂಟು, ಆರು, ಎಂಟು, ಆರು: ಇದಕ್ಕೆ ಕಾಮನ್ ಮೀಟರ್ ಎನ್ನುತ್ತಾರೆ. ಈ ಅಳತೆಯ ಯಾವ ಹಾಡನ್ನು ಬೇಕಾದರೂ ಈ ಅಳತೆಯ ಯಾವ ಮಟ್ಟಿಗೆ ಬೇಕಾದರೂ ಕೂರಿಸಬಹುದು. ನೂರು ಹಾಡು, ನೂರು ಮಟ್ಟು ಇದ್ದರೆ ಹತ್ತು ಸಾವಿರ ಜೋಡಿ.

ಜಗತ್ತಿನ ಅತಿ ಪರಿಚಿತ ಜೋಡಿ ಕೂಡಿದ್ದು ಹಾಗೆಯೇ. ಜಾನ್ ನ್ಯೂಟನ್ ಗುಲಾಮರ ಹಡಗುಗಳಲ್ಲಿ ದುಡಿದವನು. 1748ರಲ್ಲಿ ಅಟ್ಲಾಂಟಿಕ್ ಬಿರುಗಾಳಿಗೆ ಸಿಕ್ಕಿ ದೇವರನ್ನು ಕೂಗಿಕೊಂಡ. ಕತೆ ಹೇಳುವವರು ಸಾಮಾನ್ಯವಾಗಿ ಇಲ್ಲಿಗೇ ತೆರೆ ಎಳೆಯುತ್ತಾರೆ. ಆದರೆ ಅದಾದ ಮೇಲೆಯೂ ಆತ 1754ರವರೆಗೆ ಅದೇ ವ್ಯಾಪಾರದಲ್ಲಿದ್ದ, ಕಪ್ತಾನನಾಗಿ ಮೂರು ಸಲ ಹೋಗಿಬಂದ. ಗುಲಾಮ ವ್ಯಾಪಾರದ ವಿರುದ್ಧ ಬಾಯಿಬಿಟ್ಟು ಬರೆದದ್ದು 1788ರಲ್ಲಿ, ಬಿರುಗಾಳಿ ಕಳೆದು 40 ವರ್ಷಕ್ಕೆ. ನಡುವೆ ಆಲ್ನಿ ಎಂಬ ಪಟ್ಟಣದಲ್ಲಿ ಪಾದ್ರಿಯಾಗಿದ್ದ. ಲೇಸ್ ಹೆಣೆದು ಹೊಟ್ಟೆ ಹೊರೆಯುವ ಬಡವರ ಊರು. ಅವರಿಗಾಗಿ ಆತನೂ ಕವಿ ವಿಲಿಯಂ ಕೂಪರನೂ ಬರೆದ 348 ಹಾಡುಗಳ ಪುಸ್ತಕ 1779ರಲ್ಲಿ ಬಂತು. 1773ರ ಹೊಸವರ್ಷದ ದಿನ ನ್ಯೂಟನ್ ಆರಿಸಿಕೊಂಡ ಪಾಠ ಪೂರ್ವಕಾಲವೃತ್ತಾಂತದ ಮೊದಲ ಪುಸ್ತಕದ 17ನೇ ಅಧ್ಯಾಯ, 16 ಮತ್ತು 17ನೇ ವಚನ: ದಾವೀದ ದೇವರ ಮುಂದೆ ಕೂತು, ಇಷ್ಟು ದೂರ ಕರೆತರಲು ನಾನೆಂಥವನು ಎಂದು ಬೆರಗಾಗುವ ಜಾಗ. ಆ ಪ್ರಸಂಗಕ್ಕಾಗಿ ಬರೆದದ್ದೇ 'ಅಮೇಜಿಂಗ್ ಗ್ರೇಸ್'. ಆರು ಚರಣ, ಚರಣಕ್ಕೆ 28 ಉಚ್ಚಾರಾಂಶ, ಒಟ್ಟು 168. ಇಂದು ನಾವು ಕೇಳುವ ಮಟ್ಟು ಅದಕ್ಕೆ ಪುಸ್ತಕದಲ್ಲಿ ಜೊತೆಯಾದದ್ದು 1835ರಲ್ಲಿ, ಅಮೆರಿಕದಲ್ಲಿ. ನ್ಯೂಟನ್ ಸತ್ತು ಆಗಲೇ 28 ವರ್ಷ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿನಲ್ಲಿ ಈ ಒಂದೇ ಹಾಡಿನ ಧ್ವನಿಮುದ್ರಣಗಳ ಸಂಗ್ರಹವಿದೆ. ಅದರಲ್ಲಿರುವುದು 3,000ಕ್ಕೂ ಹೆಚ್ಚು.

ಕನ್ನಡಕ್ಕೆ ತರುವವರಿಗೆ ಇದೇ 28 ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಇಂಗ್ಲಿಷಿನಲ್ಲಿ ಅಷ್ಟರೊಳಗೆ ಇಪ್ಪತ್ತಕ್ಕೂ ಮೇಲೆ ಮಾತು ಹಿಡಿಸುತ್ತದೆ. ನಮ್ಮ ಮಾತುಗಳೋ ಪ್ರತ್ಯಯ ಅಂಟಿಸಿಕೊಂಡು ಉದ್ದವಾದವು. 'ರಕ್ಷಿಸಿದನಲ್ಲಾ' ಎಂದರೆ ಒಂದು ಸಾಲಿನ ಮುಕ್ಕಾಲು ಪಾಲು ಖರ್ಚು. ಹತ್ತು ಮಾತಿಗೆ ಚರಣ ಮುಗಿಯಿತು. ಬಳ್ಳಾರಿಯಲ್ಲಿದ್ದ ಜಾನ್ ಹ್ಯಾಂಡ್ಸ್ ಮತ್ತು ಜೊತೆಗಾರರ ದುಡಿಮೆಯಿಂದ ಇಡೀ ಬೈಬಲ್ ಕನ್ನಡದಲ್ಲಿ ಬಂದದ್ದು 1831ರಲ್ಲಿ. ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದಿಳಿದದ್ದು 1834ರಲ್ಲಿ. ಯುರೋಪಿನ ಮಟ್ಟುಗಳಿಗೆ ಕನ್ನಡ ಮಾತು ಒಗ್ಗಿಸುವ ಕೆಲಸ ಒಂದು ಕಡೆ ನಡೆಯಿತು. ಕಿಟೆಲ್ ಇನ್ನೊಂದು ದಾರಿ ಹಿಡಿದ. ಎಪ್ಪತ್ತು ಸಾವಿರ ಶಬ್ದಗಳ ನಿಘಂಟಿಗೂ ಮುನ್ನ, ನಾಗವರ್ಮನ ಛಂದೋಂಬುಧಿಯನ್ನು ಸಂಪಾದಿಸುವುದಕ್ಕೂ ಮುನ್ನ, 1862ರಲ್ಲೇ ಆತ ಯೇಸುವಿನ ಕತೆಯನ್ನು ಕನ್ನಡದ್ದೇ ಛಂದಸ್ಸಿನಲ್ಲಿ 'ಕಥಾಮಾಲೆ' ಎಂದು ಬರೆದ. ಎಂಟು ಆರುಗಳ ಗೊಡವೆಯೇ ಬೇಡ ಎಂದವನಂತೆ.

ಎಲ್ಲ ಸಂಖ್ಯೆಗಳೂ ಹಿಗ್ಗಿಸುವವಲ್ಲ. 1873ರ ನವೆಂಬರ್ 22, ಅಟ್ಲಾಂಟಿಕ್ ನಡುವೆ 'ವಿಲ್ ದು ಆವ್ರ್' ಎಂಬ ಹಡಗು ಇನ್ನೊಂದಕ್ಕೆ ಬಡಿದು 12 ನಿಮಿಷದಲ್ಲಿ ಮುಳುಗಿತು. ಸತ್ತವರು 226. ಅವರಲ್ಲಿ ನಾಲ್ವರು ಶಿಕಾಗೋದ ವಕೀಲ ಹೊರೇಷಿಯೊ ಸ್ಪಾಫರ್ಡನ ಹೆಣ್ಣುಮಕ್ಕಳು. ಹೆಂಡತಿ ಬದುಕಿದಳು; ತಾನೊಬ್ಬಳೇ ಉಳಿದೆನೆಂದು ತಂತಿ ಕಳಿಸಿದಳು. ಸ್ಪಾಫರ್ಡ್ ಬರೆದ 'ಇಟ್ ಈಸ್ ವೆಲ್ ವಿತ್ ಮೈ ಸೋಲ್' ಹಾಡನ್ನು ಕೇಳಿದ ಬೈಬಲ್ ಬಲ್ಲವರಿಗೆ ಎರಡನೆಯ ಅರಸುಗಳ 4ನೇ ಅಧ್ಯಾಯ ನೆನಪಾಗುತ್ತದೆ. ಶೂನೇಮಿನ ತಾಯೊಬ್ಬಳ ಮಗ ಮಡಿಲಲ್ಲೇ ಸತ್ತಿದ್ದಾನೆ. ಮಗು ಚೆನ್ನಾಗಿದೆಯೇ ಎಂದು ಕೇಳಿದವನಿಗೆ ಆಕೆ ಕ್ಷೇಮ ಎನ್ನುತ್ತಾಳೆ. ಹೀಬ್ರೂ ಮೂಲದಲ್ಲಿ ಆ ಉತ್ತರ ಒಂದೇ ಪದ: ಶಾಲೋಮ್. ಹಾಡಿಗೆ ಮಟ್ಟು ಹಾಕಿದ ಫಿಲಿಪ್ ಬ್ಲಿಸ್ ಅದಕ್ಕೆ ಮುಳುಗಿದ ಹಡಗಿನ ಹೆಸರನ್ನೇ ಇಟ್ಟ. ಹಾಡು 1876ರಲ್ಲಿ ಅಚ್ಚಾಯಿತು. ಅದೇ ವರ್ಷದ ಡಿಸೆಂಬರ್ 29ರಂದು ಓಹಾಯೋದಲ್ಲಿ ರೈಲು ಸೇತುವೆ ಕುಸಿದು ಸುಮಾರು 92 ಜನ ಸತ್ತರು. ಬ್ಲಿಸ್ ಮತ್ತು ಆತನ ಹೆಂಡತಿ ಆ ರೈಲಿನಲ್ಲಿದ್ದರು.

ಇಷ್ಟೆಲ್ಲ ದೊಡ್ಡ ಅಂಕಿ ಎಣಿಸಿದ ಮೇಲೆ ಅತಿ ಸಣ್ಣದೊಂದನ್ನು ನೋಡಬೇಕು. ಈಜಿಪ್ಟಿನ ಆಕ್ಸಿರಿಂಕಸ್ ಎಂಬ ಹಳೆಯ ಊರಿನ ಕಸದ ದಿಬ್ಬಗಳಿಂದ ಅಗೆದು ತೆಗೆದ ಸಾವಿರಾರು ಪಪೈರಸ್ ಚೂರುಗಳಲ್ಲಿ 1786ನೇ ಸಂಖ್ಯೆಯದು 1922ರಲ್ಲಿ ಪ್ರಕಟವಾಯಿತು. ಅಡಿಯುದ್ದಕ್ಕೆ ಕೊಂಚ ಕಡಿಮೆ, ಎರಡು ಇಂಚು ಅಗಲದ ಪಟ್ಟಿ. ಅದರ ಮೇಲೆ ಗ್ರೀಕಿನಲ್ಲಿ ಒಂದು ಹಾಡಿನ ಕೊನೆಯ ಐದು ಸಾಲು, ಸಾಲಿನ ಮೇಲೆ ಸ್ವರದ ಗುರುತುಗಳು. ನಕ್ಷತ್ರಗಳೂ ಹೊಳೆಗಳೂ ಸದ್ದಡಗಿಸಲಿ, ನಾವು ತಂದೆ, ಮಗ, ಪವಿತ್ರಾತ್ಮನನ್ನು ಹಾಡುವಾಗ ಶಕ್ತಿಗಳೆಲ್ಲ ಆಮೆನ್ ಎನ್ನಲಿ ಎಂಬುದು ಅದರ ಸಾರ. ಮೂರನೇ ಶತಮಾನದ್ದು. ಮಾತು, ಮಟ್ಟು ಎರಡೂ ಬರಹದಲ್ಲಿ ಉಳಿದ ಕ್ರೈಸ್ತ ಹಾಡುಗಳಲ್ಲಿ ಇದಕ್ಕಿಂತ ಹಳೆಯದು ಸಿಕ್ಕಿಲ್ಲ. ಬರೆದವನಿಗೆ ಹೊಸ ಹಾಳೆ ಕೊಳ್ಳುವ ಶಕ್ತಿ ಇರಲಿಲ್ಲವೋ ಏನೋ, ಯಾರೋ ಬಳಸಿ ಬಿಟ್ಟದ್ದರ ಬೆನ್ನಿಗೆ ಬರೆದುಕೊಂಡಿದ್ದಾನೆ. ತಿರುಗಿಸಿ ನೋಡಿದರೆ ಮುಂಬದಿಯಲ್ಲಿ ಇರುವುದು ಧಾನ್ಯದ ಲೆಕ್ಕ.